ತಾಯಿಗೆ ಬಿಡುವು, ಮಗುವಿಗೆ ತುತ್ತು



ಸೆಪ್ಟೆಂಬರ್ 8ರಂದು ನಾವು ಮಾತೆ ಮರಿಯಮ್ಮನವರ ಜನನೋತ್ಸವವನ್ನು ಆಚರಿಸುತ್ತೇವೆ. ಶಿವಾಜಿನಗರದ ಬೆಸಿಲಿಕಾದಲ್ಲಿ ಧ್ವಜಾರೋಹಣವಾಯಿತೆಂದರೆ ನಮ್ಮ ಯಲಹಂಕ, ಹೆಬ್ಬಾಳ, ಯಶವಂತಪುರ, ಆರ್.ಟಿ. ನಗರದ ಕಡೆಯಿಂದಲೂ ಕುಟುಂಬಗಳು ಕಂಕುಳಲ್ಲಿ ಕೂಸನ್ನೆತ್ತಿಕೊಂಡು ಹೊರಡುತ್ತವೆ. 2018ರಲ್ಲಿ ಆರಂಭವಾದ ರಾಷ್ಟ್ರೀಯ ಪೋಷಣ ಮಾಸವೂ ಹೆಚ್ಚುಕಡಿಮೆ ಇದೇ ಹೊತ್ತಿಗೆ ಬರುತ್ತದೆ. ಒಂದು ಹೆಣ್ಣುಮಗುವಿನ ಹುಟ್ಟನ್ನು ಸಂಭ್ರಮಿಸುವ ಈ ದಿನಗಳಲ್ಲಿ, ನಮ್ಮ ಮನೆಗಳಲ್ಲಿ ಹುಟ್ಟುವ ಮಕ್ಕಳು ಮೊದಲ ಎರಡು ವರ್ಷ ಏನು ಉಣ್ಣುತ್ತವೆ, ಯಾರ ಕೈಯಿಂದ ಉಣ್ಣುತ್ತವೆ ಎಂಬುದನ್ನು ಸ್ವಲ್ಪ ಯೋಚಿಸೋಣ.

ಹಬ್ಬಕ್ಕೆ ಹೋಗದ ತಾಯಿ

ಸಮುವೇಲನ ತಾಯಿ ಹನ್ನಳ ಕಥೆ ನಿಮಗೆಲ್ಲ ಗೊತ್ತಿದೆ. ಮಗುವಿಗಾಗಿ ಅವಳು ಅತ್ತದ್ದು, ಹರಕೆ ಹೊತ್ತದ್ದು, ಮಗುವನ್ನು ದೇವರಿಗೊಪ್ಪಿಸಿದ್ದು, ಇವೆಲ್ಲ ನಮ್ಮ ನೆನಪಿನಲ್ಲಿವೆ. ಆದರೆ ನಡುವೆ ಬರುವ ಒಂದು ಸಣ್ಣ ಸಂಗತಿಯನ್ನು ನಾವು ಗಮನಿಸುವುದು ಕಡಿಮೆ. ಮಗು ಹುಟ್ಟಿದ ಮೇಲೆ ಮನೆಯವರೆಲ್ಲ ವಾರ್ಷಿಕ ಬಲಿಯರ್ಪಣೆಗೆಂದು ಶಿಲೋವಿಗೆ ಹೊರಟರು. ಹನ್ನಳು ಹೋಗಲಿಲ್ಲ. ಮಗು ಮೊಲೆ ಬಿಡುವವರೆಗೂ ತಾನು ಬರುವುದಿಲ್ಲ ಎಂದಳು. ಗಂಡ ಎಲ್ಕಾನ ಮುನಿಸಿಕೊಳ್ಳಲಿಲ್ಲ, ನಿನಗೆ ಸರಿ ಕಂಡಂತೆ ಮಾಡು ಎಂದ. ಮಕ್ಕಬಿಯರ ಎರಡನೆಯ ಗ್ರಂಥದ ತಾಯಿಯೂ ತನ್ನ ಮಗನಿಗೆ ಮೂರು ವರ್ಷ ಹಾಲೂಡಿದ್ದನ್ನು ನೆನಪಿಸುತ್ತಾಳೆ.

ಹನ್ನಳು ಹಾಲೂಡಿದಳು, ನಿಜ. ಆದರೆ ಅವಳಿಗೆ ಹಾಲೂಡುವ ಬಿಡುವನ್ನು ಕೊಟ್ಟವನು ಎಲ್ಕಾನ. ಮಕ್ಕಳ ಪೋಷಣೆಯ ಮಾತು ಬಂದಾಗಲೆಲ್ಲ ನಾವು ತಾಯಿಗೆ ಬುದ್ಧಿ ಹೇಳಲು ಮುಂದಾಗುತ್ತೇವೆ. ಆದರೆ ಅವಳಿಗೆ ಸಮಯವನ್ನು ಯಾರು ಕೊಡುತ್ತಾರೆ ಎಂದು ಕೇಳುವುದಿಲ್ಲ. ಈ ಲೇಖನ ಕೇಳುವುದು ಆ ಪ್ರಶ್ನೆಯನ್ನೇ.

ಮೊದಲ ಒಂದು ಗಂಟೆ

2019-21ರಲ್ಲಿ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ನೂರಕ್ಕೆ 97 ಹೆರಿಗೆಗಳು ಆಸ್ಪತ್ರೆಗಳಲ್ಲೇ ಆಗುತ್ತಿದ್ದವು. ಇದು ಸಂತೋಷದ ವಿಷಯ. ಆದರೆ ಹುಟ್ಟಿದ ಒಂದು ಗಂಟೆಯೊಳಗೆ ತಾಯಿಯ ಎದೆಹಾಲು ಕುಡಿದ ಮಕ್ಕಳು ನೂರಕ್ಕೆ 49 ಮಾತ್ರ. ಡಾಕ್ಟರ್, ನರ್ಸ್ ಎಲ್ಲರೂ ಪಕ್ಕದಲ್ಲಿದ್ದೂ ಅರ್ಧದಷ್ಟು ಮಕ್ಕಳಿಗೆ ಮೊದಲ ಹಾಲು ಹೊತ್ತಿಗೆ ಸರಿಯಾಗಿ ಸಿಗಲಿಲ್ಲ.

ಮೊದಲ ಎರಡು ಮೂರು ದಿನ ಬರುವ ಹಳದಿ ಬಣ್ಣದ ಗಟ್ಟಿ ಹಾಲನ್ನು 'ಕೆಟ್ಟ ಹಾಲು' ಎಂದು ಹಿಂಡಿ ಚೆಲ್ಲುವ ರೂಢಿ ಕೆಲವು ಮನೆಗಳಲ್ಲಿತ್ತು, ಇನ್ನೂ ಅಲ್ಲಲ್ಲಿ ಉಳಿದಿದೆ. ಹಸು ಕರು ಹಾಕಿದರೆ ಗಿಣ್ಣವನ್ನು ನಾವು ಬಿಡುತ್ತೇವೆಯೇ? ಬೀದಿಯವರಿಗೆಲ್ಲ ಹಂಚಿ ತಿನ್ನುತ್ತೇವೆ. ಮನುಷ್ಯರ ಕೂಸಿಗೆ ಬರುವ ಗಿಣ್ಣದ ಹಾಲನ್ನು ಮಾತ್ರ ಚೆಲ್ಲುತ್ತೇವೆ. ಈ ಹಾಲು ಚಮಚಗಳ ಲೆಕ್ಕದಲ್ಲಿ ಬರುತ್ತದೆ. ಹೊಸ ಕೂಸಿನ ಹೊಟ್ಟೆಗೆ ಅಷ್ಟೇ ಸಾಕು. ರೋಗಗಳನ್ನು ತಡೆಯುವ ಶಕ್ತಿ ಅದರಲ್ಲಿ ತುಂಬಿರುವುದರಿಂದ ಅದನ್ನು ಮಗುವಿನ ಮೊದಲ ಲಸಿಕೆ ಎಂದು ಕರೆಯುವುದುಂಟು.

ಸಿಸೇರಿಯನ್ ಆದ ತಾಯಿಯೂ ನರ್ಸ್ ಅಥವಾ ಮನೆಯವರ ನೆರವಿನಿಂದ ಮಲಗಿದಲ್ಲೇ ಹಾಲೂಡಬಹುದು. ಆದುದರಿಂದ ಆಸ್ಪತ್ರೆಗೆ ಜೊತೆಯಲ್ಲಿ ಹೋಗುವ ಅಜ್ಜಿಯಾಗಲಿ ಅತ್ತೆಯಾಗಲಿ ಜೇನುತುಪ್ಪದ ಬಾಟಲಿ ಒಯ್ಯುವುದು ಬೇಡ. 'ಮಗುವನ್ನು ಬೇಗ ಎದೆಗೆ ಕೊಡಿ' ಎಂದು ಕೇಳುವ ಧೈರ್ಯವನ್ನು ಒಯ್ಯಲಿ. ಒಂದು ವರ್ಷದೊಳಗಿನ ಮಗುವಿಗೆ ಜೇನು ಕೊಡಲೇಬಾರದು. ಅದರಲ್ಲಿರಬಹುದಾದ ಒಂದು ಬಗೆಯ ಸೂಕ್ಷ್ಮಾಣು ಮಗುವಿನ ಕರುಳಿನಲ್ಲಿ ಬೆಳೆದು ನರಗಳನ್ನೇ ಸೋಲಿಸಬಲ್ಲದು.

ಆರು ತಿಂಗಳು, ಎದೆಹಾಲು ಮಾತ್ರ

ಮೊದಲ ಆರು ತಿಂಗಳು ಮಗುವಿಗೆ ತಾಯಿಯ ಹಾಲಲ್ಲದೆ ಬೇರೇನೂ ಬೇಡ. ನೀರು ಕೂಡ ಬೇಡ. ಎದೆಹಾಲಿನ ನೂರು ಪಾಲಿನಲ್ಲಿ 87ಕ್ಕೂ ಹೆಚ್ಚು ಪಾಲು ನೀರೇ ಆಗಿರುವುದರಿಂದ ಏಪ್ರಿಲ್ ತಿಂಗಳ ಬಿಸಿಲಿನಲ್ಲೂ ಅದು ಬಾಯಾರಿಕೆಯನ್ನು ನೀಗಿಸುತ್ತದೆ. ಆದರೂ ನಮ್ಮಲ್ಲಿ ಸಕ್ಕರೆ ನೀರು, ಗ್ರೈಪ್ ವಾಟರ್, ಬಜೆ ಬೇರು ಮತ್ತು ಜಾಯಿಕಾಯಿ ತೇದ ಮದ್ದು, ಬೀದಿಯಲ್ಲಿ ಕತ್ತೆ ಹೊಡೆದುಕೊಂಡು ಬರುವವರಿಂದ ಚಮಚದ ಲೆಕ್ಕದಲ್ಲಿ ಕೊಳ್ಳುವ ಕತ್ತೆ ಹಾಲು, ಒಂದಲ್ಲ ಒಂದು ಕೂಸಿನ ಬಾಯಿಗೆ ಬೀಳುತ್ತಲೇ ಇರುತ್ತದೆ. ಪ್ರೀತಿಯಿಂದಲೇ ಕೊಡುತ್ತಾರೆ. ಆದರೆ ಹೊರಗಿನ ಪ್ರತಿಯೊಂದು ಚಮಚದ ಜೊತೆಗೆ ರೋಗಾಣು ಒಳಹೋಗುವ ದಾರಿಯೂ ತೆರೆಯುತ್ತದೆ. ಮಗು ಅಷ್ಟರಮಟ್ಟಿಗೆ ಎದೆಹಾಲನ್ನು ಕಡಿಮೆ ಕುಡಿಯುತ್ತದೆ. ಅದೇ ಸಮೀಕ್ಷೆಯಲ್ಲಿ ಆರು ತಿಂಗಳೊಳಗಿನ ಮಕ್ಕಳ ಪೈಕಿ ಬರೀ ಎದೆಹಾಲು ಕುಡಿಯುತ್ತಿದ್ದವರು ಕರ್ನಾಟಕದಲ್ಲಿ ನೂರಕ್ಕೆ 61.

'ನನಗೆ ಹಾಲು ಸಾಲದು ಫಾದರ್' ಎಂದು ಹೇಳುವ ಎಳೆಯ ತಾಯಂದಿರು ಬಹಳ. ನಿಜವಾಗಿ ಹಾಲು ಬಾರದಿರುವುದು ಅಪರೂಪ. ಮಗು ಎಷ್ಟು ಚೀಪುತ್ತದೆಯೋ ಅಷ್ಟು ಹಾಲು ಉತ್ಪತ್ತಿಯಾಗುತ್ತದೆ. ರಾತ್ರಿ ಕುಡಿಸಿದರೆ ಇನ್ನೂ ಹೆಚ್ಚು. ಅದರ ಬದಲು ಬಾಟಲಿ ಹಾಲು ಸೇರಿಸಿದರೆ ಚೀಪುವುದು ಕಡಿಮೆಯಾಗಿ ಹಾಲೂ ಕಡಿಮೆಯಾಗುತ್ತದೆ. ಆಗ ತಾಯಿಯ ಭಯ ನಿಜವಾಗಿಬಿಡುತ್ತದೆ. ಕೂಸು ದಿನಕ್ಕೆ ಆರು ಸಲವಾದರೂ ಉಚ್ಚೆ ಹೊಯ್ಯುತ್ತಿದ್ದು, ತೂಕ ಏರುತ್ತಿದ್ದರೆ ಹಾಲು ಸಾಕಾಗುತ್ತಿದೆ ಎಂದೇ ತಿಳಿಯಬೇಕು.

ಬಾಣಂತಿಯ ಊಟದ ವಿಷಯದಲ್ಲೂ ನಾವು ಸ್ವಲ್ಪ ಬದಲಾಗಬೇಕು. ನೀರು ಕುಡಿದರೆ ಶೀತ, ಹಣ್ಣು ತಿಂದರೆ ಮಗುವಿಗೆ ನೆಗಡಿ, ಸೊಪ್ಪು ತಿಂದರೆ ಭೇದಿ ಎಂದು ಬರೀ ಅನ್ನ, ಮೆಣಸಿನ ಸಾರಿನಲ್ಲಿ ಅವಳನ್ನು ಇಡುವ ಮನೆಗಳಿವೆ. ಹಾಲೂಡುವ ತಾಯಿಗೆ ದಿನಕ್ಕೆ ಸುಮಾರು 500ರಿಂದ 600 ಕ್ಯಾಲೊರಿ ಹೆಚ್ಚು ಬೇಕು. ಅಂದರೆ ಒಂದು ಊಟವೇ ಹೆಚ್ಚು ಬೇಕು. 2017ರ ಅಕ್ಟೋಬರ್ 2ರಂದು ನಮ್ಮ ರಾಜ್ಯದಲ್ಲಿ ಆರಂಭವಾದ ಮಾತೃಪೂರ್ಣ ಯೋಜನೆ ಅಂಗನವಾಡಿಯಲ್ಲಿ ಗರ್ಭಿಣಿ ಬಾಣಂತಿಯರಿಗೆ ಬಿಸಿಯೂಟ ಕೊಡಲು ಹೊರಟದ್ದು ಈ ಕಾರಣಕ್ಕಾಗಿಯೇ.

ಹಾಲಿನ ಪುಡಿಯ ಡಬ್ಬಿ

ಡಬ್ಬಿಯ ಹಾಲು ಸುಲಭ ಎನಿಸುತ್ತದೆ. ಆದರೆ ಬೆಲೆ ಹೆಚ್ಚಾದ್ದರಿಂದ ಡಬ್ಬಿ ಬೇಗ ಮುಗಿಯಬಾರದೆಂದು ಪುಡಿ ಕಡಿಮೆ ಮಾಡಿ ನೀರು ಹೆಚ್ಚು ಹಾಕುತ್ತಾರೆ. ಬಾಟಲಿಯನ್ನು ಪ್ರತಿ ಸಲವೂ ಕುದಿಸಿ ತೊಳೆಯಲು ಟ್ಯಾಂಕರ್ ನೀರಿನ ಮೇಲೆ ಬದುಕುವ ಮನೆಗಳಲ್ಲಿ ಆಗುವುದಿಲ್ಲ. ಹೀಗೆ ಒಂದೇ ಬಾಟಲಿಯಿಂದ ಅರೆಹೊಟ್ಟೆಯೂ ಭೇದಿಯೂ ಒಟ್ಟಿಗೆ ಬರುತ್ತವೆ. ಈ ಅಪಾಯವನ್ನು ಕಂಡೇ ವಿಶ್ವ ಆರೋಗ್ಯ ಸಂಸ್ಥೆ 1981ರಲ್ಲಿ ಹಾಲಿನ ಪುಡಿಯ ಮಾರಾಟಕ್ಕೆ ಅಂತರರಾಷ್ಟ್ರೀಯ ಸಂಹಿತೆಯನ್ನು ರೂಪಿಸಿತು. ನಮ್ಮ ದೇಶ 1992ರಲ್ಲಿ ಕಾನೂನನ್ನೇ ಮಾಡಿ 2003ರಲ್ಲಿ ಅದನ್ನು ಇನ್ನಷ್ಟು ಬಿಗಿಗೊಳಿಸಿತು. ಎರಡು ವರ್ಷದೊಳಗಿನ ಮಕ್ಕಳ ಹಾಲಿನ ಪುಡಿ, ಬಾಟಲಿ, ಡಬ್ಬಿಯ ಆಹಾರ ಇವುಗಳಿಗೆ ಜಾಹೀರಾತು ಕೊಡುವುದು, ತಾಯಂದಿರಿಗೆ ಉಚಿತ ಸ್ಯಾಂಪಲ್ ಅಥವಾ ಉಡುಗೊರೆ ಹಂಚುವುದು ಈ ಕಾನೂನಿನ ಪ್ರಕಾರ ಅಪರಾಧ. ಯಾರಾದರೂ ಕೊಟ್ಟರೆ ಬೇಡವೆನ್ನುವ ಹಕ್ಕು ನಿಮಗಿದೆ.

ಹಾಗೆಂದು, ಕಾಯಿಲೆಯಿಂದಲೋ ಬೇರೆ ಕಾರಣದಿಂದಲೋ ವೈದ್ಯರ ಸಲಹೆಯಂತೆ ಪುಡಿ ಹಾಲು ಕೊಡಬೇಕಾದ ತಾಯಿಯನ್ನು ಯಾರೂ ಹಂಗಿಸಬಾರದು. ಅವಳು ಅಳತೆ ತಪ್ಪದಂತೆ ಕಲಸಿ, ಬಾಟಲಿಯ ಬದಲು ಒಳಲೆಯಲ್ಲಿ ಅಥವಾ ಲೋಟ ಚಮಚದಲ್ಲಿ ಕುಡಿಸಲಿ. ತಿಂಗಳು ತುಂಬದೆ ಹುಟ್ಟಿದ ಮಕ್ಕಳಿಗಾಗಿ ಎದೆಹಾಲಿನ ಬ್ಯಾಂಕ್‌ಗಳೂ ಇವೆ. ಏಷ್ಯಾದಲ್ಲಿ ಮೊದಲನೆಯದನ್ನು 1989ರಲ್ಲಿ ಮುಂಬೈಯ ಸಯಾನ್ ಆಸ್ಪತ್ರೆಯಲ್ಲಿ ಡಾ. ಆರ್ಮಿಡಾ ಫರ್ನಾಂಡಿಸ್ ಆರಂಭಿಸಿದರು. ನಮ್ಮ ಬೆಂಗಳೂರಿನ ವಾಣಿ ವಿಲಾಸ ಆಸ್ಪತ್ರೆಯಲ್ಲೂ ಅಂಥದ್ದು ಆರಂಭವಾಗಿದೆ.

ಆರು ತಿಂಗಳ ನಂತರದ ಕಂದಕ

ನಿಜವಾದ ಕಂದಕ ಇರುವುದು ಇಲ್ಲಿ. ಆರು ತಿಂಗಳು ತುಂಬುವ ಹೊತ್ತಿಗೆ, ಹುಟ್ಟುವಾಗ ಮಗು ತನ್ನ ಮೈಯಲ್ಲಿ ತಂದಿದ್ದ ಕಬ್ಬಿಣಾಂಶ ಮುಗಿಯುತ್ತಾ ಬರುತ್ತದೆ. ಎದೆಹಾಲೊಂದೇ ಇನ್ನು ಸಾಲದು. ಎರಡು ವರ್ಷದವರೆಗೂ ಅದಕ್ಕಿಂತ ಹೆಚ್ಚೂ ಹಾಲೂಡುತ್ತಲೇ ಮೇಲೂಟ ಆರಂಭಿಸಬೇಕು. ಆದರೆ ಐದನೆಯ ಸಮೀಕ್ಷೆಯಲ್ಲಿ ಇಡೀ ದೇಶದಲ್ಲಿ ಆರರಿಂದ 23 ತಿಂಗಳ ಮಕ್ಕಳ ಪೈಕಿ ಸಾಕಷ್ಟು ಸಲ, ಸಾಕಷ್ಟು ಬಗೆಯ ಊಟ ಸಿಗುತ್ತಿದ್ದವರು ನೂರಕ್ಕೆ ಸುಮಾರು 11 ಮಾತ್ರ. ಈ ಕೊರತೆ ಬಡವರ ಮನೆಗಳಿಗಷ್ಟೇ ಸೇರಿದ್ದಾಗಿದ್ದರೆ ಸಂಖ್ಯೆ ಇಷ್ಟು ಕೆಳಗಿಳಿಯುತ್ತಿರಲಿಲ್ಲ. ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 35 ಮಂದಿ ವಯಸ್ಸಿಗೆ ತಕ್ಕ ಎತ್ತರವಿರಲಿಲ್ಲ. ಆರು ತಿಂಗಳು ದಾಟಿದವರಲ್ಲಿ ನೂರಕ್ಕೆ 65ಕ್ಕೂ ಹೆಚ್ಚು ಮಂದಿಗೆ ರಕ್ತಹೀನತೆಯಿತ್ತು. ಮಿದುಳು ಅತಿ ವೇಗವಾಗಿ ಬೆಳೆಯುವ ವಯಸ್ಸು ಇದು. ಈಗ ಆದ ನಷ್ಟವನ್ನು ಮುಂದೆ ಕಾನ್ವೆಂಟ್ ಶಾಲೆಗೆ ಸೇರಿಸಿ ಪೂರ್ತಿ ತುಂಬಲಾಗದು.

'ನಮ್ಮ ವಂಶವೇ ಕುಳ್ಳು ಫಾದರ್' ಎನ್ನುವವರಿದ್ದಾರೆ. ಆದರೆ 2006ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಪ್ರಕಟಿಸಿದ ಬೆಳವಣಿಗೆಯ ಅಳತೆಪಟ್ಟಿಗೆ ಅಮೆರಿಕ, ನಾರ್ವೆ, ಬ್ರೆಜಿಲ್, ಘಾನಾ, ಓಮನ್ ಮತ್ತು ನಮ್ಮ ದೆಹಲಿಯ ಮಕ್ಕಳನ್ನು ಅಳೆದಿದ್ದರು. ಎದೆಹಾಲು, ಸರಿಯಾದ ಊಟ, ಆರೋಗ್ಯಕರ ಮನೆ ಸಿಕ್ಕ ಪುಟ್ಟ ಮಕ್ಕಳು ಎಲ್ಲ ದೇಶಗಳಲ್ಲೂ ಹೆಚ್ಚುಕಡಿಮೆ ಒಂದೇ ಸಮನಾಗಿ ಬೆಳೆದಿದ್ದರು. ಆದುದರಿಂದ ಎಲ್ಲವನ್ನೂ ವಂಶದ ಮೇಲೆ ಹಾಕುವ ಮೊದಲು ಮಗುವಿನ ತಟ್ಟೆಯನ್ನು ನೋಡಬೇಕು.

ಗಂಜಿ ಬೇಡ, ಸರಿ ಬೇಕು

ಏಳು ಕಿಲೋ ತೂಕದ ಮಗುವಿನ ಹೊಟ್ಟೆಯಲ್ಲಿ ಒಂದು ಸಲಕ್ಕೆ ಹಿಡಿಸುವುದು ಸುಮಾರು 200 ಮಿಲಿಲೀಟರ್, ಅಂದರೆ ಒಂದು ಲೋಟ. ಒಂಬತ್ತು ತಿಂಗಳ ಮಗುವಿಗೆ ಎದೆಹಾಲಿನ ಜೊತೆಗೆ ಮೇಲೂಟದಿಂದ ದಿನಕ್ಕೆ ಸುಮಾರು 300 ಕ್ಯಾಲೊರಿ ಬೇಕು. ಒಂದು ಲೋಟ ನೀರಿಗೆ ಹತ್ತು ಗ್ರಾಂ ರಾಗಿ ಹಿಟ್ಟು ಕದಡಿ ಮಾಡಿದ ತೆಳು ಗಂಜಿಯಲ್ಲಿರುವುದು 33 ಕ್ಯಾಲೊರಿ. ಮೂರು ಲೋಟ ಕುಡಿಸಿದರೂ ನೂರು ಮುಟ್ಟಿತಷ್ಟೆ. ಮಗುವಿನ ಹೊಟ್ಟೆ ತುಂಬಿತು, ಮೈ ತುಂಬಲಿಲ್ಲ. ಅನ್ನದ ತಿಳಿ, ಬೇಳೆಯ ಕಟ್ಟು, ಹಾಲಿಗೆ ಅದ್ದಿದ ಬಿಸ್ಕತ್ತು ಇವೆಲ್ಲದರ ಕಥೆಯೂ ಇದೇ. ಊಟ ಚಮಚವನ್ನು ಓರೆ ಮಾಡಿದರೂ ಜಾರಿ ಬೀಳದಷ್ಟು ಗಟ್ಟಿಯಾಗಿರಬೇಕು. ಮೇಲೆ ಒಂದು ಟೀ ಚಮಚ ತುಪ್ಪ ಹಾಕಿದರೆ 45 ಕ್ಯಾಲೊರಿ ಸೇರುತ್ತದೆ.

ಇದಕ್ಕೆ ನಮ್ಮ ಅಜ್ಜಿಯರ ರಾಗಿ ಸರಿಗಿಂತ ಒಳ್ಳೆಯ ಆರಂಭವಿಲ್ಲ. ನೂರು ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದೆ. ಪಾಲಿಶ್ ಅಕ್ಕಿಯಲ್ಲಿ ಹತ್ತರ ಆಸುಪಾಸು. ಹೆಬ್ಬಾಳ ಮತ್ತು ಯಲಹಂಕದ ನಡುವೆ ಬಸ್ಸಿನಲ್ಲಿ ದಿನವೂ ದಾಟುವ ಜಿಕೆವಿಕೆ ಆವರಣದಿಂದಲೇ ಜಿಪಿಯು-28ರಂಥ ರಾಗಿ ತಳಿಗಳು ನಾಡಿನ ಹೊಲಗಳಿಗೆ ಹೋದವು. ಅದರ ಗೇಟಿನ ಮುಂದೆ ಓಡಾಡುವ ನಾವು ಮಗುವಿಗೆ ಮಾತ್ರ ಪ್ಯಾಕೆಟ್ ಕೊಳ್ಳುತ್ತೇವೆ.

ರಾಗಿಯನ್ನು ರಾತ್ರಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ನೆರಳಿನಲ್ಲಿ ಒಣಗಿಸಿ, ಹದವಾಗಿ ಹುರಿದು, ಬೀಸಿ ಸೋಸುವ ಪದ್ಧತಿಯಲ್ಲಿ ವಿಜ್ಞಾನವಿದೆ. ಮೊಳಕೆಯೊಡೆದಾಗ ಕಾಳಿನಲ್ಲಿ ಹುಟ್ಟುವ ಒಂದು ಕಿಣ್ವ ಪಿಷ್ಟವನ್ನು ಒಡೆಯುತ್ತದೆ. ಇದರಿಂದ ಹೆಚ್ಚು ಹಿಟ್ಟು ಹಾಕಿದರೂ ಸರಿ ಅಂಟಂಟಾಗದೆ ಮಗು ನುಂಗುವಷ್ಟು ಮೆತ್ತಗಿರುತ್ತದೆ. ಅದೇ ಒಂದು ಚಮಚದಲ್ಲಿ ಹೆಚ್ಚು ಶಕ್ತಿ ಸಿಗುತ್ತದೆ. ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದ ವಿಜ್ಞಾನಿಗಳು ಇದನ್ನು ಅಧ್ಯಯನ ಮಾಡಿ ಮೊಳಕೆ ರಾಗಿ ಮತ್ತು ಹೆಸರುಕಾಳಿನ ಶಿಶು ಆಹಾರವನ್ನೇ ರೂಪಿಸಿದರು.

ಆದರೆ ರಾಗಿಯಲ್ಲೇ ನಿಲ್ಲಬಾರದು. ಎದೆಹಾಲು; ಧಾನ್ಯ ಮತ್ತು ಗೆಡ್ಡೆ; ಬೇಳೆಕಾಳು; ಹಾಲು ಮೊಸರು; ಮೊಟ್ಟೆ; ಮಾಂಸ ಮೀನು; ಸೊಪ್ಪು, ಕ್ಯಾರೆಟ್, ಪರಂಗಿಯಂಥವು; ಬೇರೆ ಹಣ್ಣು ತರಕಾರಿ. ಈ ಎಂಟು ಗುಂಪುಗಳಲ್ಲಿ ದಿನಕ್ಕೆ ಐದಾದರೂ ಮಗುವಿನ ಬಾಯಿ ಮುಟ್ಟಬೇಕು. ನಮ್ಮ ಮನೆಗಳಲ್ಲಿ ಭಾನುವಾರ ಕೋಳಿಸಾರು ಇದ್ದೇ ಇರುತ್ತದೆ. ದೊಡ್ಡವರಿಗೆ ಬಡಿಸುವ ಮುನ್ನ ಖಾರ ಹಾಕದೆ ಒಂದು ತುಂಡನ್ನು ಬೇಯಿಸಿ ನುರಿದು ಮಗುವಿಗೆ ಕೊಡಿ. ಮಾಂಸ, ಈಲಿಯ ಕಬ್ಬಿಣಾಂಶ ಬಹು ಸುಲಭವಾಗಿ ರಕ್ತಕ್ಕೆ ಸೇರುತ್ತದೆ. ಟೀ ಮಾತ್ರ ಬೇಡ. ಅದು ಕಬ್ಬಿಣಾಂಶವನ್ನು ಮೈಗೆ ಸೇರಗೊಡುವುದಿಲ್ಲ.

ಆರರಿಂದ ಎಂಟು ತಿಂಗಳಿಗೆ ಎರಡು ಮೂರು ಚಮಚದಿಂದ ತೊಡಗಿ ದಿನಕ್ಕೆ ಎರಡು ಮೂರು ಸಲ. ಒಂಬತ್ತರಿಂದ ಹನ್ನೊಂದು ತಿಂಗಳಿಗೆ ಅರ್ಧ ಬಟ್ಟಲಿನಂತೆ ಮೂರು ನಾಲ್ಕು ಸಲ. ಒಂದು ವರ್ಷದ ಮೇಲೆ ಮುಕ್ಕಾಲರಿಂದ ಒಂದು ಬಟ್ಟಲಿನಂತೆ ಮೂರು ನಾಲ್ಕು ಸಲ, ನಡುವೆ ಹಣ್ಣೋ ಮೊಟ್ಟೆಯೋ. ಬಟ್ಟಲೆಂದರೆ 250 ಮಿಲಿಲೀಟರ್ ಅಳತೆ. ಜ್ವರ, ಭೇದಿ ಬಂದಾಗ ಊಟ ನಿಲ್ಲಿಸುವುದಲ್ಲ, ಸ್ವಲ್ಪ ಸ್ವಲ್ಪವಾಗಿ ಹೆಚ್ಚು ಸಲ ಕೊಡುವುದು ಸರಿ.

ಬಿಡುವು ಯಾರು ಕೊಡಬೇಕು?

ಈಗ ಲೆಕ್ಕ ಹಾಕಿ ನೋಡಿ. ಮಗುವಿಗೆ ಒಂದು ಸಲ ಉಣಿಸಲು ಅರ್ಧ ಗಂಟೆ ಎಂದರೂ ನಾಲ್ಕು ಸಲಕ್ಕೆ ಎರಡು ಗಂಟೆ. ಅಡುಗೆ, ತೊಳೆಯುವುದು, ಹಾಲೂಡುವುದು ಬೇರೆ. ಯಶವಂತಪುರ, ಪೀಣ್ಯದ ಗಾರ್ಮೆಂಟ್ಸ್‌ಗೆ ಬೆಳಿಗ್ಗೆ ಹೋಗುವ ತಾಯಿಗೆ, ಆರ್.ಟಿ. ನಗರದ ನಾಲ್ಕು ಮನೆಗಳಲ್ಲಿ ಪಾತ್ರೆ ತಿಕ್ಕುವ ತಾಯಿಗೆ, ಹೆಬ್ಬಾಳದ ಮೇಲ್ಸೇತುವೆಯ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡ ಸಾಫ್ಟ್‌ವೇರ್ ತಾಯಿಗೆ, ರಾಯಚೂರು ಯಾದಗಿರಿ ಕಡೆಯಿಂದ ಬಂದು ಯಲಹಂಕದ ಕಟ್ಟಡಗಳಲ್ಲಿ ಇಟ್ಟಿಗೆ ಹೊರುವ ತಾಯಿಗೆ ಈ ಎರಡು ಗಂಟೆ ಎಲ್ಲಿಂದ ಬರಬೇಕು? ಗಟ್ಟಿ ಸರಿಯನ್ನು ಚಮಚ ಚಮಚವಾಗಿ ಉಣಿಸಲು ಹೊತ್ತು ಬೇಕು. ತೆಳು ಗಂಜಿಯನ್ನು ಬಾಟಲಿಗೆ ಹಾಕಿ ಬಾಯಿಗಿಡಲು ಬೇಕಿಲ್ಲ. ಬಹಳಷ್ಟು ಮನೆಗಳಲ್ಲಿ ಮಗುವಿನ ಊಟ ತೆಳುವಾಗಿರುವುದು ಅಜ್ಞಾನದಿಂದಲ್ಲ, ಅವಸರದಿಂದ.

ಕಾನೂನು ಕೊಟ್ಟ ಬಿಡುವು ಸ್ವಲ್ಪವಿದೆ. ಹೆರಿಗೆ ರಜೆಯನ್ನು 2017ರಲ್ಲಿ ಮೊದಲ ಎರಡು ಮಕ್ಕಳಿಗೆ 26 ವಾರಗಳಿಗೆ ಏರಿಸಲಾಯಿತು. 2025ರ ನವೆಂಬರ್‌ನಲ್ಲಿ ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಅದು ಮುಂದುವರಿದಿದೆ. ಮಗುವಿಗೆ 15 ತಿಂಗಳು ತುಂಬುವವರೆಗೆ ದಿನಕ್ಕೆ ಎರಡು ಸಲ ಹಾಲೂಡುವ ವಿರಾಮ, 50 ಅಥವಾ ಹೆಚ್ಚು ಮಂದಿ ದುಡಿಯುವಲ್ಲಿ ಶಿಶುಪಾಲನಾ ಕೇಂದ್ರ, ಅಲ್ಲಿಗೆ ತಾಯಿ ದಿನಕ್ಕೆ ನಾಲ್ಕು ಸಲ ಹೋಗಿಬರುವ ಹಕ್ಕು ಇವೂ ಇವೆ. ಆದರೆ ಮನೆಗೆಲಸದ ಹೆಣ್ಣುಮಗಳಿಗೆ ಈ ಯಾವುದೂ ತಲುಪುವುದಿಲ್ಲ. ಅವಳ ವಿಷಯದಲ್ಲಿ ಕಾನೂನು ನಾವೇ. ನಿಮ್ಮ ಮನೆಗೆ ಕೆಲಸಕ್ಕೆ ಬರುವವಳು ಬಾಣಂತಿಯಾದರೆ ಸಂಬಳ ಕಡಿಯದೆ ಕೆಲವು ತಿಂಗಳು ಬಿಡುವು ಕೊಡಿ, ಬಳಿಕ ಮಗುವನ್ನು ಕರೆತರಲು ಬಿಡಿ. ಹಬ್ಬದ ಕಾಣಿಕೆಗಿಂತ ಇದು ಕಡಿಮೆಯ ದಾನವಲ್ಲ.

ಕೆಲಸಕ್ಕೆ ಹೋಗುವ ತಾಯಿ ಹಾಲನ್ನು ಶುಚಿಯಾದ ಸ್ಟೀಲ್ ಪಾತ್ರೆಗೆ ಹಿಂಡಿಟ್ಟು ಹೋಗಬಹುದು. ತಂಪಾದ ಜಾಗದಲ್ಲಿ ನಾಲ್ಕು ಗಂಟೆ, ಫ್ರಿಜ್ಜಿನಲ್ಲಿ ಒಂದು ದಿನ ಅದು ಕೆಡುವುದಿಲ್ಲ. ಕುದಿಸದೆ, ಪಾತ್ರೆಯನ್ನು ಬಿಸಿನೀರಿನಲ್ಲಿ ಇಟ್ಟು ಬೆಚ್ಚಗೆ ಮಾಡಿ ಒಳಲೆಯಲ್ಲಿ ಕುಡಿಸುವ ಕೆಲಸ ಅಪ್ಪನದೋ ಅಜ್ಜಿಯದೋ ಆಗಲಿ. ಹಾಲೂಡಲು ತಾಯಿಯೇ ಬೇಕು. ಸರಿ ಉಣಿಸಲು, ಬಟ್ಟೆ ಒಗೆಯಲು, ರಾತ್ರಿ ಅಳುವ ಕೂಸನ್ನು ತಟ್ಟಲು ಅಪ್ಪನ ಕೈಗಳಿಗೆ ಏನಾಗಿದೆ?

ಅಂಗನವಾಡಿಯನ್ನೂ ಮರೆಯಬೇಡಿ. 1975ರ ಅಕ್ಟೋಬರ್ 2ರಂದು ದೇಶದಲ್ಲಿ ಈ ಯೋಜನೆ ಆರಂಭವಾದಾಗ ಆಯ್ದ 33 ಕಡೆಗಳಲ್ಲಿ ನಮ್ಮ ತಿರುಮಕೂಡಲು ನರಸೀಪುರವೂ ಒಂದಾಗಿತ್ತು. ಆರು ತಿಂಗಳಿಂದ ಮೂರು ವರ್ಷದ ಮಕ್ಕಳಿಗೆ ಮನೆಗೆ ಒಯ್ಯುವ ಆಹಾರ ಅಲ್ಲಿ ಸಿಗುತ್ತದೆ, ತಿಂಗಳಿಗೊಮ್ಮೆ ತೂಕ ನೋಡುತ್ತಾರೆ. 'ಅದು ಬಡವರಿಗೆ' ಎಂದು ದೂರವಿರುವವರೂ ತೂಕಕ್ಕಾದರೂ ಹೋಗಿ. ಎರಡು ತಿಂಗಳು ತೂಕ ಏರದಿದ್ದರೆ ವೈದ್ಯರಿಗೆ ತೋರಿಸಲು ತಡ ಮಾಡಬೇಡಿ.

ನಮ್ಮ ದೇವಾಲಯಗಳಲ್ಲಿ

ಬಲಿಪೂಜೆಯ ನಡುವೆ ಕೂಸು ಅತ್ತರೆ ತಲೆಗಳು ಹಿಂದಕ್ಕೆ ತಿರುಗುತ್ತವೆ. ತಾಯಿ ನಾಚಿ ಹೊರಗೆ ಹೋಗುತ್ತಾಳೆ. 2014ರ ಜನವರಿಯಲ್ಲಿ ವ್ಯಾಟಿಕನ್ನಿನ ಸಿಸ್ಟೈನ್ ಪ್ರಾರ್ಥನಾಲಯದಲ್ಲಿ ವಿಶ್ವಗುರು ಫ್ರಾನ್ಸಿಸ್‌ರವರು 32 ಶಿಶುಗಳಿಗೆ ದೀಕ್ಷಾಸ್ನಾನ ಕೊಡುವಾಗ, ಮಕ್ಕಳು ಹಸಿದಿದ್ದರೆ ಇಲ್ಲಿಯೇ ಹಾಲೂಡಿಸಿ, ಹಿಂಜರಿಯಬೇಡಿ ಎಂಬ ಅರ್ಥದ ಮಾತನ್ನು ತಾಯಂದಿರಿಗೆ ಹೇಳಿದರು. ಮೈಕೆಲ್ಯಾಂಜೆಲೋ ಚಿತ್ರಗಳ ಕೆಳಗೆ ಆಗಬಹುದಾದದ್ದು ನಮ್ಮ ಧರ್ಮಕೇಂದ್ರಗಳಲ್ಲಿ ಆಗಬಾರದೇ? ದೇವಾಲಯದ ಪಕ್ಕದಲ್ಲಿ ಒಂದು ಬೆಂಚು, ಒಂದು ಫ್ಯಾನು, ಕುಡಿಯುವ ನೀರು ಇರುವ ಸಣ್ಣ ಜಾಗವನ್ನು ಹಬ್ಬದ ಪೆಂಡಾಲಿನ ಖರ್ಚಿನ ಚೂರಿನಲ್ಲಿ ಮಾಡಬಹುದು. ಮಹಿಳಾ ಸಂಘದವರು ತಿಂಗಳಿಗೊಮ್ಮೆ ಸೇರಿ ಮೊಳಕೆ ರಾಗಿ ಹಿಟ್ಟು ಮಾಡಿ ಕೆಲಸಕ್ಕೆ ಹೋಗುವ ತಾಯಂದಿರಿಗೆ ಕೊಡಬಹುದು. ಸಂತ ವಿನ್ಸೆಂಟ್ ದೆ ಪೌಲರ ಸಭೆಯವರು ಅಕ್ಕಿ ಮೂಟೆಯ ಜೊತೆಗೆ ಮೊಟ್ಟೆ, ಬೇಳೆಯನ್ನೂ ಸೇರಿಸಬಹುದು.

ಈ ಹಬ್ಬದಂದು ನಿಮ್ಮ ಮನೆಯಲ್ಲಿ ಎರಡು ವರ್ಷದೊಳಗಿನ ಕೂಸಿದ್ದರೆ ಮನೆಯವರೆಲ್ಲ ಕುಳಿತು ಒಂದೇ ಒಂದು ವಿಷಯ ತೀರ್ಮಾನಿಸಿ. ಮಗುವಿನ ತಾಯಿಗೆ ದಿನಕ್ಕೆ ಎರಡು ಗಂಟೆ ಬಿಡುವು ಸಿಗಬೇಕಾದರೆ ಅವಳ ಕೈಯಿಂದ ಯಾವ ಕೆಲಸವನ್ನು ಯಾರು ತೆಗೆದುಕೊಳ್ಳುತ್ತಾರೆ? ಹೆಸರು ಹೇಳಿ ಹಂಚಿಕೊಳ್ಳಿ, ನಾಳೆಯಿಂದಲೇ ಆರಂಭಿಸಿ. ಮಾತೆ ಮರಿಯಮ್ಮನವರು ನಿಮ್ಮ ಮನೆಗಳನ್ನೂ ಮಕ್ಕಳನ್ನೂ ಕಾಪಾಡಲಿ.